ಫೋನ್ ಎತ್ತುವವರು ಯಾರು? ಬನಶಂಕರಿ ಠಾಣೆ ಕಲಿಸಿದ ಪಾಠ

2008ರ ಅಕ್ಟೋಬರ್ 20, ಸೋಮವಾರ. ಸಿಗ್ನಲ್ಲಿನಲ್ಲಿ ಭಿಕ್ಷೆ ಬೇಡುತ್ತಿದ್ದ ಐವರು ಹಿಜ್ರಾಗಳನ್ನು ಪೊಲೀಸರು ಹಿಡಿದು ಗಿರಿನಗರ ಠಾಣೆಗೆ ಒಯ್ದರು. ಬೆಂಗಳೂರಿಗೆ ಇದೇನು ಹೊಸದಲ್ಲ. ಹಿಡಿಯೋದು, ಬಾಯಿಗೆ ಬಂದಂತೆ ಬೈಯೋದು, ಲಾಠಿ ರುಚಿ ತೋರಿಸೋದು, ಆಮೇಲೆ ಕಳಿಸೋದು. ಎಷ್ಟೋ ವರ್ಷದಿಂದ ನಡೆದುಬಂದ ರೂಢಿ. ಆದರೆ ಅವತ್ತು ಒಂದು ಹೊಸ ಸಂಗತಿ ನಡೆಯಿತು. ಹಿಡಿದವರನ್ನು ಕೇಳಿಕೊಂಡು ಠಾಣೆಗೆ ಜನ ಬಂದರು.

ಮೊದಲು ಬಂದವರು ಸಂಗಮ ಸಂಸ್ಥೆಯ ಐವರು. ಇಂಥ ತುರ್ತು ಹೊತ್ತಿನಲ್ಲಿ ಓಡಿಬರುವುದಕ್ಕೆಂದೇ ಆ ಸಂಸ್ಥೆ ಒಂದು ತಂಡ ಕಟ್ಟಿತ್ತು. ‘ಯಾಕೆ ಹಿಡಿದಿರಿ, ಯಾವ ಕೇಸು’ ಎಂದು ಕೇಳಲು ಹೋದ ಅವರಿಗೂ ಹೊಡೆತ ಬಿತ್ತು, ಅವರನ್ನೂ ಕೂಡಿಹಾಕಿದರು. ಸುದ್ದಿ ಹಬ್ಬಿತು. ಬನಶಂಕರಿ ಠಾಣೆ ಮುಂದೆ ನೂರಕ್ಕೂ ಮಿಕ್ಕಿ ಜನ ಸೇರಿದರು. ವಕೀಲರು, ಹೆಣ್ಣುಮಕ್ಕಳ ಸಂಘಟನೆಯವರು, ಕೋತಿಗಳು, ಹಿಜ್ರಾಗಳು ಎಲ್ಲರೂ ಇದ್ದರು. ಮಾತುಕತೆಗೆ ಒಳಗೆ ಹೋದ ನಿಯೋಗದವರನ್ನು ಅಲ್ಲೇ ಹಿಡಿದಿಟ್ಟುಕೊಂಡರು. ಹೊರಗಿದ್ದವರ ಮೇಲೂ ಲಾಠಿ ಬೀಸಿದರು. ಬಂಧನವಾದವರು 31 ಜನ. ತಾಸುಗಟ್ಟಲೆ ಪೊಲೀಸ್ ವ್ಯಾನಿನಲ್ಲಿ ತುಂಬಿಟ್ಟು ಕೇಸು ಜಡಿದರು. ಮಾರನೆಯ ತಿಂಗಳು ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದನ್ನೆಲ್ಲ ಹೇಳಿಕೆಯಲ್ಲಿ ಹೇಳಿ ಖಂಡಿಸಿತು. ಹಿಜ್ರಾಗಳಿಗೆ ಕೊಟ್ಟ ಮನೆ ಖಾಲಿ ಮಾಡಿಸಿ ಎಂದು ಪೊಲೀಸರು ಮನೆ ಮಾಲೀಕರ ಮೇಲೆ ಒತ್ತಡ ಹಾಕುತ್ತಿದ್ದುದನ್ನೂ ಅದು ಬಯಲು ಮಾಡಿತು.

ಇದೆಲ್ಲ ಹಳೆ ಕತೆ, ಈಗ್ಯಾಕೆ ಅಂತ ಕೇಳಬಹುದು. ಕಾರಣ ಇದೆ. ಅವತ್ತಿನಿಂದ ಇವತ್ತಿನವರೆಗೆ ಕಾನೂನು ಎಷ್ಟೋ ದೂರ ಬಂದಿದೆ. ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ, ಸರ್ಕಾರ ನೀತಿ ಬರೆದಿದೆ, ಮೀಸಲಾತಿ ಬಂದಿದೆ. ಆದರೆ ರಾತ್ರಿ ಹನ್ನೆರಡಕ್ಕೆ ಬಿಟಿಎಂ ಲೇಔಟಿನ ಯಾವುದೋ ರಸ್ತೆಯಲ್ಲಿ ಒಬ್ಬಳನ್ನು ಜೀಪಿಗೆ ಹತ್ತಿಸಿಕೊಂಡರೆ ಅವಳು ಫೋನ್ ಮಾಡೋದು ಸುಪ್ರೀಂ ಕೋರ್ಟಿಗಲ್ಲ. ತನ್ನವರೇ ಆದ ಯಾರೋ ಒಬ್ಬರಿಗೆ. ಆ ಫೋನ್ ಎತ್ತುವವರಿಗೆ ಬಹುಪಾಲು ಸಂಬಳ ಇಲ್ಲ, ಕಚೇರಿ ಇಲ್ಲ, ಬೆಳಿಗ್ಗೆ ಎದ್ದು ಅವರೂ ಹೊಟ್ಟೆಪಾಡಿಗೆ ಹೋಗಬೇಕು. ಈ ಜನ ಸೋತು ಕೂತರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ.

ಗುರುವಾರದ ಸಂಜೆಗಳು

ಈ ಕೆಲಸ ಶುರುವಾದದ್ದು ದೊಡ್ಡ ಸಭೆ, ಭಾಷಣಗಳಿಂದಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆಸ್ ಯು’ ಎಂಬ ಗುಂಪು ಹುಟ್ಟಿತು. ‘ನಿಮ್ಮಷ್ಟೇ ನಾವೂ ಚೆನ್ನ’ ಅನ್ನುವ ಅರ್ಥ. ಮೂರು ಇಂಗ್ಲಿಷ್ ಮಾತಿನ ಮೊದಲಕ್ಷರ ಕೂಡಿಸಿದರೆ ‘ಗೇ’. ವಾರಕ್ಕೊಮ್ಮೆ, ಗುರುವಾರ, ಒಂದು ಕೋಣೆಯಲ್ಲಿ ಕೂತು ಮಾತಾಡೋದು. ಅಷ್ಟೇ. ಆದರೆ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಬಾಯಿ ಬಿಡಲಾರೆ, ಸಾಯಲಾರೆ ಅನ್ನುವ ಹುಡುಗನಿಗೆ ಆ ಎರಡು ಗಂಟೆ ಒಂದು ವಾರದ ಉಸಿರು. ಕೋಣೆ ಬಾಗಿಲು ತೆಗೆಯೋರು, ಕುರ್ಚಿ ಹಾಕೋರು, ಹೊಸಬ ಬಂದರೆ ಪಕ್ಕ ಕೂತು ಮಾತಾಡಿಸೋರು ಎಲ್ಲರೂ ಸ್ವಯಂಸೇವಕರೇ.

1999ರಲ್ಲಿ ಸಂಗಮ ಬಂತು. ದಾಖಲೆ, ಪುಸ್ತಕ ಕೂಡಿಡುವ ಕೇಂದ್ರವಾಗಿ ಶುರುವಾದದ್ದು, ಬೀದಿಯ ಜನ ಬಾಗಿಲಿಗೆ ಬಂದು ನಿಂತಾಗ ಬೀದಿಗಿಳಿಯಿತು. ಸ್ವಭಾವ ಎಂಬ ಟ್ರಸ್ಟು ‘ಸಹಾಯ’ ಹೆಸರಿನ ದೂರವಾಣಿ ಸೇವೆ ನಡೆಸಿತು. ಹೆಸರು ಹೇಳದೆ ಫೋನ್ ಮಾಡಿ ಅತ್ತು ಹಗುರಾಗುವವರಿಗೆ ಆ ಕಡೆ ಒಂದು ಕಿವಿ. 2001ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ವರದಿ ತಂದಿತು. 2003ರಲ್ಲಿ ಬೆಂಗಳೂರಿನ ಹಿಜ್ರಾ ಮತ್ತು ಕೋತಿ ಲೈಂಗಿಕ ಕಾರ್ಮಿಕರ ಪಾಡಿನ ಮೇಲೆ ಇನ್ನೊಂದು. ಈ ವರದಿಗಳು ಆಕಾಶದಿಂದ ಉದುರಲಿಲ್ಲ. ಹಮಾಮಿಗೆ, ಪಾರ್ಕಿಗೆ, ಠಾಣೆಗೆ ನಡೆದುಹೋಗಿ ಒಬ್ಬೊಬ್ಬರ ಬಾಯಿಂದ ಮಾತು ಕೇಳಿ ಬರೆದುಕೊಂಡು ಬಂದವರ ಬೆವರು ಅದು.

ಇನ್ನೊಂದು ಮಾತು. ಸಂಘಟನೆ ಎಂಬುದನ್ನು ಈ ಊರಿನ ಹಿಜ್ರಾಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಗುರು, ಚೇಲ, ಹಮಾಮು ಎಂಬ ಮನೆ, ಆ ಮನೆಯ ಕಟ್ಟುಪಾಡು, ಜಗಳಕ್ಕೆ ಪಂಚಾಯ್ತಿ, ಕಾಯಿಲೆ ಬಿದ್ದವಳಿಗೆ ಅನ್ನ ಎಲ್ಲ ಮೊದಲಿನಿಂದ ಇತ್ತು. ಹೆತ್ತವರು ಹೊರಗೆ ಹಾಕಿದ ಮಗುವಿಗೆ ಸಿಕ್ಕ ತಾಯಿಮನೆ ಅದು. ಅದರಲ್ಲಿ ದಂಡವೂ ಇತ್ತು, ದರ್ಪವೂ ಇತ್ತು. ಹೊಸ ಸಂಘಟನೆ ಮಾಡಿದ ಕೆಲಸ ಅಂದರೆ ಈ ಮನೆಯವರನ್ನು ಠಾಣೆ, ಕೋರ್ಟು, ವಿಧಾನಸೌಧದ ಬಾಗಿಲಿಗೆ ಕರೆತಂದದ್ದು. ಎ. ರೇವತಿಯವರನ್ನೇ ನೋಡಿ. ಸಂಗಮಕ್ಕೆ ಕಚೇರಿ ಸಹಾಯಕಿಯಾಗಿ ಸೇರಿದವರು ಅದೇ ಸಂಸ್ಥೆಯ ನಿರ್ದೇಶಕಿ ಆದರು. ಅವರ ಆತ್ಮಕತೆ ದು. ಸರಸ್ವತಿಯವರ ಕೈಯಲ್ಲಿ ‘ಬದುಕು ಬಯಲು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂತು, ರಂಗದ ಮೇಲೂ ಬಂತು.

ಎರಡು ಬೆಂಗಳೂರು

ಮೊದಲ ‘ಪ್ರೈಡ್’ ಮೆರವಣಿಗೆ ನಡೆದದ್ದು 2008ರ ಜೂನ್ 29ರಂದು. ಬಸವನಗುಡಿಯ ನ್ಯಾಷನಲ್ ಕಾಲೇಜಿನಿಂದ ಪುಟ್ಟಣ್ಣಚೆಟ್ಟಿ ಪುರಭವನದವರೆಗೆ. ದೆಹಲಿಯಲ್ಲೂ ಕೋಲ್ಕತ್ತಾದಲ್ಲೂ ಅದೇ ದಿನ ನಡೆಯಿತು. ಎಷ್ಟೋ ಜನ ಮುಖಕ್ಕೆ ಮುಖವಾಡ ಕಟ್ಟಿಕೊಂಡು ನಡೆದರು. ಚಿಕ್ಕಪ್ಪನೋ, ಆಫೀಸಿನವನೋ, ಮನೆ ಓನರೋ ನೋಡಿಬಿಟ್ಟರೆ ಅನ್ನುವ ಹೆದರಿಕೆ. ಬನಶಂಕರಿ ಲಾಠಿ ಪ್ರಕರಣ ನಡೆಯುವ ಹೊತ್ತಿಗೆ ಆ ಮೆರವಣಿಗೆಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಆ ಮೆರವಣಿಗೆಯಲ್ಲಿ ಎರಡು ಬೆಂಗಳೂರು ಅಕ್ಕಪಕ್ಕ ನಡೆದವು. ಒಂದು ಇಂಗ್ಲಿಷಿನ ಬೆಂಗಳೂರು: ಜೆ.ಪಿ. ನಗರ, ಬಿಟಿಎಂ ಕಡೆ ಪೀಜಿಯಲ್ಲಿದ್ದು ಕಂಪ್ಯೂಟರ್ ಕಂಪನಿಗೆ ಹೋಗುವವರು. ಅವರ ಭಯ ಮಾನದ್ದು, ಮನೆಯವರದ್ದು. ಇನ್ನೊಂದು ಕನ್ನಡ, ತಮಿಳು, ತೆಲುಗು, ಉರ್ದು ಮಾತಿನ ಬೆಂಗಳೂರು: ಸಿಗ್ನಲ್ಲು, ಅಂಗಡಿ ವಸೂಲಿ, ರಾತ್ರಿ ದಂಧೆ. ಅವರ ಭಯ ಲಾಠಿಯದ್ದು, ಹಸಿವಿನದ್ದು. ಒಬ್ಬರ ಗುಟ್ಟು ಬಯಲಾದರೆ ಕೆಲಸ ಹೋದೀತು. ಇನ್ನೊಬ್ಬರಿಗೆ ಬಯಲಲ್ಲೇ ಬದುಕು, ಗುಟ್ಟು ಅನ್ನೋದೇ ಇಲ್ಲ. ಇವರಿಬ್ಬರನ್ನು ಒಂದೇ ಜಮಖಾನದ ಮೇಲೆ ಕೂರಿಸುವುದು ಸುಲಭವಲ್ಲ. ಸಭೆ ಯಾವ ಭಾಷೆಯಲ್ಲಿ ನಡೀಬೇಕು? ಕಾಫಿಗೆ ದುಡ್ಡು ಯಾರು ಕೊಡಬೇಕು? ವೇದಿಕೆ ಮೇಲೆ ಯಾರು ಕೂರಬೇಕು? ಒಳಗಿನ ಜಗಳದಲ್ಲಿ ಅರ್ಧಕ್ಕೂ ಹೆಚ್ಚು ಇಂಥದ್ದೇ.

ಲೈಂಗಿಕ ಕಾರ್ಮಿಕರು ಮತ್ತು ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಒಕ್ಕೂಟದವರು ಈ ಜಗಳವನ್ನು ಮುಚ್ಚಿಡದೆ ಎದುರಿಸಿದರು. ಹೆಸರಿನಲ್ಲೇ ಲೈಂಗಿಕ ಕಾರ್ಮಿಕರನ್ನು ಮೊದಲಿಗೆ ಇಟ್ಟರು. ‘ಇವರನ್ನೆಲ್ಲ ಸೇರಿಸಿದರೆ ಮರ್ಯಾದಸ್ಥರು ಬರಲ್ಲ’ ಎಂದು ಗೊಣಗುವವರು ಎಲ್ಲ ಚಳವಳಿಯಲ್ಲೂ ಇರುತ್ತಾರೆ. ಆದರೆ ಮರ್ಯಾದಸ್ಥರನ್ನಷ್ಟೇ ಕಾಯ್ದುಕೊಂಡು ಕೂತಿದ್ದರೆ 2008ರ ಅಕ್ಟೋಬರಿನಲ್ಲಿ ಬನಶಂಕರಿ ಠಾಣೆ ಮುಂದೆ ಯಾರಿರುತ್ತಿದ್ದರು?

ಕಾನೂನಿನ ಬಂಡಿ ಎಳೆದವರು

2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಹಿಜ್ರಾಗಳ ‘ಅನಪೇಕ್ಷಿತ ಚಟುವಟಿಕೆ’ ತಡೆಯಲು, ಅನುಮಾನ ಬಂದವರ ಹೆಸರು, ವಿಳಾಸ ಬರೆದಿಡುವ ಅಧಿಕಾರ ಪೊಲೀಸ್ ಕಮಿಷನರಿಗೆ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಬುಡಕಟ್ಟುಗಳ ಕಾಯ್ದೆ ತಂದಾಗ ಮಾಡಿದ್ದೂ ಇದನ್ನೇ. ಬಿಳಿಯರ ದಫ್ತರದ ಧೂಳು ಕೊಡವಿ 140 ವರ್ಷದ ಮೇಲೆ ವಿಧಾನಸೌಧದಲ್ಲಿ ಮತ್ತೆ ಬಿಚ್ಚಿದರು. ಇದರ ವಿರುದ್ಧ ಹೈಕೋರ್ಟಿಗೆ ಹೋದದ್ದು ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ. 2017ರ ಹೊತ್ತಿಗೆ ಸರ್ಕಾರವೇ ತಿದ್ದುಪಡಿ ತಂದು ಹಿಜ್ರಾಗಳನ್ನು ಬೊಟ್ಟುಮಾಡುವ ಪದವನ್ನು ಆ ಕಲಮಿನಿಂದ ತೆಗೆಯಿತು.

ನಡುವೆ 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಒಪ್ಪಿ ತೀರ್ಪು ಕೊಟ್ಟಿತ್ತು. ಇನ್ನು 377ನೇ ಕಲಮು. 2009ರಲ್ಲಿ ದೆಹಲಿ ಹೈಕೋರ್ಟು ಅದರ ಹಲ್ಲು ಕಿತ್ತಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಹಲ್ಲು ಕಟ್ಟಿಸಿತು. 2016ರಲ್ಲಿ ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ, ಉಮಾ, ಸುಮಾ ಇದ್ದರು. ಅಕ್ಕೈ ಸಂಗಮದಲ್ಲಿ ದುಡಿದು ಆಮೇಲೆ 2014ರಲ್ಲಿ ‘ಒಂದೆಡೆ’ ಕಟ್ಟಿದವರು. ಉಮಾ ‘ಜೀವಾ’ ಸಂಸ್ಥೆಯವರು. ಹೆಸರಾಂತ ನೃತ್ಯಗಾರರು, ಹೋಟೆಲ್ ಉದ್ಯಮಿಗಳ ಅರ್ಜಿ ಪಕ್ಕದಲ್ಲಿ ಬೀದಿಯ ಪೆಟ್ಟು ತಿಂದವರ ಅರ್ಜಿಯೂ ಇತ್ತು. 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿರುವ ವಯಸ್ಕರ ಸಂಬಂಧ ಅಪರಾಧವಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು.

ರಾಜ್ಯದಲ್ಲೂ ಹಾಗೇ. 2017ರ ಅಕ್ಟೋಬರಿನಲ್ಲಿ ಸಂಪುಟ ಒಂದು ನೀತಿಗೆ ಒಪ್ಪಿಗೆ ಕೊಟ್ಟಿತು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿ ಅರ್ಜಿಯಲ್ಲಿ ಗಂಡು, ಹೆಣ್ಣು ಎರಡೇ ಕಾಲಂ ಇದ್ದಾಗ ಸಂಗಮ ಹೈಕೋರ್ಟಿಗೆ ಹೋಯಿತು, ಜೀವಾ ದನಿಗೂಡಿಸಿತು. 2021ರ ಜುಲೈನಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ. 1ರ ಮೀಸಲಾತಿ ನಿಯಮ ಬಂತು. ದೇಶದಲ್ಲೇ ಮೊದಲು. ಸೋತದ್ದೂ ಇದೆ: ಮದುವೆಯ ಹಕ್ಕು ಕೇಳಿ ಹೋದವರಿಗೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಇಲ್ಲ ಅಂತ ಹೇಳಿತು.

ಗೆಲುವಿನ ಪಟ್ಟಿ ಓದಲು ಚೆನ್ನ. ಆದರೆ 2011ರ ಜನಗಣತಿ ಕರ್ನಾಟಕದಲ್ಲಿ ‘ಇತರೆ’ ಲಿಂಗ ಎಂದು ಲೆಕ್ಕ ಹಿಡಿದದ್ದು 20,266 ಜನರನ್ನು. ಹೆದರಿ ಬರೆಸದವರನ್ನು ಬಿಟ್ಟೇ ಈ ಲೆಕ್ಕ. ಶೇ. 1ರ ಕುರ್ಚಿ ಹತ್ತಬೇಕಾದರೆ ಶಾಲೆ ಮುಗಿಸಿರಬೇಕು; ಹದಿನಾಲ್ಕಕ್ಕೇ ಮನೆ ಬಿಟ್ಟವಳ ಹತ್ತಿರ ಮಾರ್ಕ್ಸ್ ಕಾರ್ಡ್ ಎಲ್ಲಿದೆ? ಇದ್ದರೂ ಅದರಲ್ಲಿ ಹಳೆ ಹೆಸರು. 2019ರ ಕಾಯ್ದೆ ಜಿಲ್ಲಾಧಿಕಾರಿಯಿಂದ ಗುರುತಿನ ಪತ್ರದ ದಾರಿ ತೋರಿಸಿತು, 2020ರ ನವೆಂಬರಿನಲ್ಲಿ ಆನ್‌ಲೈನ್ ಪೋರ್ಟಲ್ ತೆರೆಯಿತು. ಅಕ್ಷರ ಬಾರದವಳು ಆನ್‌ಲೈನ್ ಅರ್ಜಿ ಹೇಗೆ ತುಂಬಬೇಕು? ಅಫಿಡವಿಟ್ಟಿಗೆ ನೋಟರಿ ಹತ್ತಿರ ಯಾರು ಕರಕೊಂಡು ಹೋಗಬೇಕು? ಮೈತ್ರಿ ಮಾಸಾಶನ ನಿಂತುಹೋದರೆ ಕಚೇರಿಯಲ್ಲಿ ಯಾರು ಕೇಳಬೇಕು? ಉತ್ತರ ಒಂದೇ. ಅದೇ ಫೋನ್ ಎತ್ತುವವರು. ಸರ್ಕಾರದ ಗುಮಾಸ್ತಿಕೆಯನ್ನು ಇವರು ಬಿಟ್ಟಿ ಮಾಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಸಿಗ್ನಲ್ಲುಗಳು ಖಾಲಿಯಾಗಿ ಒಲೆ ಆರಿದಾಗ ಅಕ್ಕಿ, ಬೇಳೆ ಹೊತ್ತುಕೊಂಡು ಮನೆಮನೆಗೆ ಹೋದವರೂ ಇಂಥವರೇ.

ದುಡ್ಡಿನ ಕತೆ

ಒಂದು ಕಾಲಕ್ಕೆ ಈ ಕ್ಷೇತ್ರದಲ್ಲಿ ದುಡ್ಡು ಓಡಾಡಿತು. ಅದು ಏಡ್ಸ್ ತಡೆಯ ದುಡ್ಡು. 2003ರಲ್ಲಿ ಬಿಲ್ ಗೇಟ್ಸ್ ಪ್ರತಿಷ್ಠಾನ ‘ಆವಾಹನ್’ ಯೋಜನೆ ತಂದಾಗ ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಚೇರಿ ಬಂತು, ಕೆಲಸಗಾರರು ಬಂದರು, ಕಾಂಡೋಮ್ ಹಂಚಿದ ಲೆಕ್ಕಪತ್ರ ಬಂತು. ಬಹಳ ಜೀವ ಉಳಿಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ದುಡ್ಡಿಗೆ ಬೇಕಾಗಿದ್ದದ್ದು ಕಾಯಿಲೆಯ ಲೆಕ್ಕ. ಠಾಣೆಯಲ್ಲಿ ಬಿದ್ದ ಪೆಟ್ಟಿಗೆ ಆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಹೆಣ್ಣನ್ನು ಪ್ರೀತಿಸಿದ ಹೆಣ್ಣಿಗೆ, ಗಂಡಾಗಿ ಬಾಳಬಯಸುವ ಹೆಣ್ಣುಜೀವಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಅವರಿಂದ ರೋಗ ಹರಡುವುದಿಲ್ಲ ಅಂದಮೇಲೆ ದುಡ್ಡು ಯಾಕೆ?

ಆ ಹೊಳೆ ಬತ್ತುತ್ತ ಬಂತು. ಉಳಿದದ್ದರ ಮೇಲೆ 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಯ ತಿದ್ದುಪಡಿ ಬಿತ್ತು. ವಿದೇಶದಿಂದ ಬಂದ ದುಡ್ಡನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆಡಳಿತದ ಖರ್ಚು ಶೇ. 50ರಿಂದ ಶೇ. 20ಕ್ಕೆ ಇಳಿಯಬೇಕು, ಖಾತೆ ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ತೆರೆಯಬೇಕು. ದೊಡ್ಡವರು ಹೇಗೋ ತಡಕೊಂಡರು. ದೊಡ್ಡವರ ಕೈಯಿಂದ ಚಿಕ್ಕಾಸು ಪಡೆದು ನಡೆಯುತ್ತಿದ್ದ ಮೊಹಲ್ಲಾ ಗುಂಪುಗಳ ಬುಡಕ್ಕೇ ಪೆಟ್ಟು ಬಿತ್ತು. ಕಂಪನಿಗಳು ಜೂನ್ ತಿಂಗಳು ಬಂದರೆ ಬಾಗಿಲಿಗೆ ಕಾಮನಬಿಲ್ಲಿನ ಬಾವುಟ ಕಟ್ಟುತ್ತವೆ, ನಿಜ. ಬಾವುಟದಿಂದ ಜಾಮೀನು ಸಿಗುವುದಿಲ್ಲ.

ಹೀಗಾಗಿ ಚಕ್ರ ತಿರುಗಿ 1994ಕ್ಕೇ ಬಂದು ನಿಂತಿದೆ. ಮತ್ತೆ ಕೈಯಿಂದ ಖರ್ಚು, ಮತ್ತೆ ಯಾರದೋ ಮನೆಯ ಹಾಲು, ಮತ್ತೆ ರಜಾದಿನದ ಕೆಲಸ. ಬೇರೆ ಏನೆಂದರೆ ಅವತ್ತು ಗುಂಪು ಪುಟ್ಟದು, ಬೇಡಿಕೆ ಪುಟ್ಟದು. ಇವತ್ತು ತೀರ್ಪುಗಳ ಬೆಟ್ಟ ಬೆನ್ನ ಮೇಲಿದೆ, ಹೊರುವ ಹೆಗಲು ಅಷ್ಟೇ.

ಹೆಗಲು ನೊಂದರೆ?

ಸ್ವಯಂಸೇವಕರೆಲ್ಲ ದೇವತೆಗಳೇನಲ್ಲ. ಇಂಥ ಗುಂಪುಗಳ ದೊಡ್ಡ ರೋಗ ಒಬ್ಬರನ್ನೇ ನೆಚ್ಚಿಕೊಳ್ಳೋದು. ಅಕ್ಕ ಇದ್ದರೆ ಸಂಘ, ಅಕ್ಕ ಊರಿಗೆ ಹೋದರೆ ಬೀಗ. ಎಲ್ಲ ನಂಬರೂ ಒಬ್ಬರ ಫೋನಿನಲ್ಲಿ, ಎಲ್ಲ ಪರಿಚಯವೂ ಒಬ್ಬರ ನಾಲಿಗೆಯಲ್ಲಿ. ಆ ಒಬ್ಬರಿಗೆ ನಿದ್ದೆ ಇಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ಕಿರಿಯರು ಪ್ರಶ್ನೆ ಕೇಳಿದರೆ ‘ನೀನು ನಿನ್ನೆ ಬಂದವಳು’. ಕಿರಿಯರು ಮುನಿಸಿಕೊಂಡು ಹೋಗಿ ಇನ್ನೊಂದು ಬೋರ್ಡು ಹಾಕುತ್ತಾರೆ. ಎರಡೂ ಬೋರ್ಡು ಬಡವು. ಕೆಲಸ ಬರೆದಿಡುವ ಅಭ್ಯಾಸವೂ ಕಡಿಮೆ; ಬರೆದದ್ದು ಬಹುಪಾಲು ಇಂಗ್ಲಿಷಿನಲ್ಲಿ. ಯಾವ ಠಾಣೆಗೆ ಹೇಗೆ ಹೋಗಬೇಕು, ಯಾವ ಕಾಗದ ಕೇಳಬೇಕು ಅನ್ನುವ ಅನುಭವ ಕನ್ನಡದಲ್ಲಿ ನಾಲ್ಕು ಹಾಳೆ ಆಗಿದ್ದರೆ ಮುಂದಿನವಳು ಮತ್ತೆ ಮೊದಲಿನಿಂದ ಪೆಟ್ಟು ತಿಂದು ಕಲಿಯಬೇಕಾಗಿರಲಿಲ್ಲ.

ಆದರೆ ತಪ್ಪೆಲ್ಲ ಅವರದೇ ಅಂದರೆ ಅನ್ಯಾಯ. ಕೋಣೆಯೊಂದಿಲ್ಲದೆ ಸಂಘ ಎಲ್ಲಿ ಬೆಳೀಬೇಕು? ಜಯನಗರ, ಬನಶಂಕರಿಯ ಎಷ್ಟೋ ಗೇಟುಗಳ ಮೇಲೆ ‘ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು. ಇವರಿಗಾದರೆ ಬೋರ್ಡೂ ಬೇಡ, ಮುಖ ನೋಡಿದ ಕೂಡಲೇ ಮನೆ ‘ಈಗಷ್ಟೇ ಹೋಯಿತು’. ಅದೇ ಮಾಲೀಕರು ಹೊಸ ಅಂಗಡಿ ತೆರೆದ ದಿನ ಮಂಗಳಮುಖಿ ಬಂದು ಹರಸಿದರೆ ಒಳ್ಳೇದು ಅಂತ ನೂರೊಂದು ರೂಪಾಯಿ ಕೊಟ್ಟು ತಲೆ ಬಗ್ಗಿಸುತ್ತಾರೆ. ಆಶೀರ್ವಾದ ಬೇಕು, ಆಶ್ರಯ ಕೊಡಲ್ಲ. ಬನಶಂಕರಿ ಅಮ್ಮನ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವ ಊರು ಇದು; ಪಕ್ಕದ ರಸ್ತೆಯ ಕತ್ತಲೆ ಮಾತ್ರ ಕಾಣುವುದಿಲ್ಲ.

ಕೇಳುವುದು ದೊಡ್ಡದೇನಲ್ಲ

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದರು. ದಕ್ಷಿಣಕ್ಕೇ ಒಂದು ಪಾಲಿಕೆ ಬಂತು. ಆಡಳಿತ ಜನರ ಹತ್ತಿರ ಬರಲಿ ಎಂದೇ ಇದು ಅಂತ ಸಾರಿದರು. ಹತ್ತಿರ ಅಂದರೆ ಎಷ್ಟು ಹತ್ತಿರ ಅನ್ನುವುದಕ್ಕೆ ಸಣ್ಣ ಪರೀಕ್ಷೆ ಇಲ್ಲಿದೆ. ಮದುವೆ, ನಾಮಕರಣಕ್ಕೆ ಕೊಡುವ ಸಮುದಾಯ ಭವನದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಈ ಗುಂಪುಗಳಿಗೆ ಕೊಡಲಿ. ಅರ್ಜಿ ತುಂಬಿಸುವ ಕೆಲಸಕ್ಕೆ ಇವರನ್ನೇ ಗೌರವಧನ ಕೊಟ್ಟು ನೇಮಿಸಲಿ. ಹೇಗೂ ಆ ಕೆಲಸ ಮಾಡುತ್ತಿರುವವರು ಇವರೇ. ಪ್ರತಿ ಠಾಣೆಯ ಗೋಡೆ ಮೇಲೆ 2014 ಮತ್ತು 2018ರ ತೀರ್ಪಿನ ಸಾರ ಕನ್ನಡದಲ್ಲಿ ನಾಲ್ಕು ಸಾಲು ಬರೆಸಲಿ. ರಾತ್ರಿ ಪಾಳಿಯ ಪೇದೆ ಅದನ್ನೊಮ್ಮೆ ಓದಿದರೆ ಒಂದು ಲಾಠಿಯಾದರೂ ಕೆಳಗಿಳಿದೀತು. ಇಷ್ಟಕ್ಕೆ ಬಜೆಟ್ಟು ಬೇಡ, ಮನಸ್ಸು ಬೇಕು.

ಪುಢಾರಿಗಳಿಗೆ ಇದರಲ್ಲಿ ಆಸಕ್ತಿ ಹುಟ್ಟುವುದು ಕಷ್ಟ. ಇಪ್ಪತ್ತು ಸಾವಿರ ಅನ್ನುವುದು ಇಡೀ ರಾಜ್ಯಕ್ಕೆ ಹರಡಿದ ಲೆಕ್ಕ, ಒಂದು ಕ್ಷೇತ್ರದ ವೋಟ್‌ಬ್ಯಾಂಕೂ ಅಲ್ಲ. ಆದರೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ಹಾಕಿ ನೋಡಿ. ಪ್ರತಿಯೊಬ್ಬರ ಹಿಂದೆ ಒಬ್ಬ ತಾಯಿ ಇದ್ದಾಳೆ, ಅಕ್ಕತಂಗಿ ಇದ್ದಾರೆ. ಹೊರಗೆ ಹಾಕಿದ ಮೇಲೂ ಹಬ್ಬದ ದಿನ ಒಂದು ತಟ್ಟೆ ಹೆಚ್ಚಿಗೆ ಇಟ್ಟು ಸುಮ್ಮನೆ ಕೂರುವ ಮನೆಗಳು ಈ ಬಡಾವಣೆಗಳಲ್ಲೇ ಇವೆ. ಆ ಮನೆಯ ಮಗು ಇವತ್ತು ರಾತ್ರಿ ಯಾವುದಾದರೂ ಠಾಣೆಯ ಬೆಂಚಿನ ಮೇಲೆ ಕೂತಿದ್ದರೆ, ಅದನ್ನು ಕೇಳಿಕೊಂಡು ಹೋಗುವವರು ಹೆತ್ತವರಲ್ಲ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ, ಆಟೋಗೆ ಕೈಯಿಂದ ದುಡ್ಡು ಕೊಟ್ಟು ಬಂದ ಯಾರೋ ಇಬ್ಬರು.

ಅವರೂ ಒಂದು ದಿನ ಸುಸ್ತಾಗಿ ಫೋನ್ ಆಫ್ ಮಾಡಿ ಮಲಗಿದರೆ, ಊರು ಅವರನ್ನು ದೂರುವ ಹಾಗಿಲ್ಲ.